ಒಂದೇ ಹೆಸರು, ಹಲವು ಖಾನೆ

ಸಂಕ್ರಾಂತಿ ರಜೆಗೆ ನಾವು ಮೂವರು ರಾಣೇಬೆನ್ನೂರಲ್ಲಿ ಬಸ್ ಹತ್ತಿ ದೇವರಗುಡ್ಡಕ್ಕೆ ಹೋದೆವು. ನಮ್ಮಲ್ಲೊಬ್ಬನ ಅಜ್ಜನ ಊರು ಅದು. ಗೊರವಯ್ಯ ಬಿಲ್ಲೇರಿ ಕಾರ್ಣಿಕ ನುಡಿಯೋದು ದಸರಾ ಹೊತ್ತಿಗೆ, ಅದು ಮಿಸ್ಸಾಗಿತ್ತು. ನಮಗೆ ಸಿಕ್ಕಿದ್ದು ಕಣದ ತುಂಬ ಒಣಗುತ್ತಿದ್ದ ಮೆಣಸಿನಕಾಯಿ.

ಪರ್ಲ್ ಲ್ಯಾಬ್ ಮುಗಿಸಿದ ಜಂಬ ನಮಗೆ. ಮರುದಿನ ಐದು ಚೀಲ ಬ್ಯಾಡಗಿ ಮಾರ್ಕೆಟ್ಟಿಗೆ ಹೋಗೋದಿತ್ತು. “ಅಜ್ಜಾ, ಲೆಕ್ಕ ನಾವ್ ಮಾಡ್ತೀವಿ” ಅಂದೆವು. ‘ಯೂಸ್ ಯುಟಿಎಫ್8’ ಅಂತ ಹಾಕಿದರೆ ಪರ್ಲ್‌ನಲ್ಲಿ ಹೆಸರುಗಳನ್ನ ಕನ್ನಡದಲ್ಲೇ ಇಡಬಹುದು. ಅಜ್ಜನೂ ಓದಲಿ ಅಂತ ಹಾಗೇ ಇಟ್ಟೆವು. $ಚೀಲ ಅಂದ್ರೆ ಎಷ್ಟು ಚೀಲ, @ಚೀಲ ಅಂದ್ರೆ ಒಂದೊಂದರ ತೂಕದ ಪಟ್ಟಿ, $ತೂಕ ಅಂದ್ರೆ ಒಟ್ಟು ಕಿಲೋ. ಆ ಪಟ್ಟಿಯನ್ನ @ತೂಕ ಅಂತಲೂ ಕರೆಯೋಣ ಅಂತ ಒಂದು ಸಾಲು ಸೇರಿಸಿದೆವು:

*ತೂಕ = *ಚೀಲ;

ಒಟ್ಟು 212 ಕಿಲೋ ಸರಿಯಾಗೇ ಬಂತು. ಆದರೆ ಹಮಾಲಿ 212 ಚೀಲಕ್ಕೆ ಬಂತು! ಅಜ್ಜ ಕನ್ನಡಕ ಏರಿಸಿ ನೋಡಿದರು. “ಐದ್ ಚೀಲಕ್ಕ ಇಷ್ಟ್ ಹಮಾಲಿ ಕೊಟ್ರ ನಮಗೇನ್ ಉಳೀತೈತ್ರಪಾ?” ನಾವು ತಲೆ ತಗ್ಗಿಸಿದೆವು. ಅದು ಅವರ ವರ್ಷದ ದುಡ್ಡು. ‘ಯೂಸ್ ಸ್ಟ್ರಿಕ್ಟ್’ ಇತ್ತು, ಎರರ್ ಒಂದೂ ಬಂದಿರಲಿಲ್ಲ.

ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದಾಗ ಒಳಗಿಂದ ಅಜ್ಜಿ ಕೂಗಿದರು: “ಮಾಲತೇಶಗ ಚಹಾ ಕೊಡ. ನಾಳೆ ಮಾಲತೇಶಗ ಕಾಯಿ ಒಡಸ್ಕೊಂಡ ಬರ್ರಿ.” ಮೊದಲನೆಯದು ಮೊಮ್ಮಗ, ಎರಡನೆಯದು ಗುಡ್ಡದ ದೇವರು. ಯಾರಿಗೂ ಗೊಂದಲವಿಲ್ಲ, ಜೊತೆಗಿರೋ ಮಾತೇ ಹೇಳುತ್ತೆ. ಆಗ ಹೊಳೆಯಿತು.

ಪರ್ಲ್‌ನ ಪ್ರತಿ ಪ್ಯಾಕೇಜಿಗೂ ಒಂದು ಸಿಂಬಲ್ ಟೇಬಲ್ ಇದೆ. ಅದೂ ಒಂದು ಹ್ಯಾಶ್. ಕೀ ಅಂದ್ರೆ ಹೆಸರು, ವ್ಯಾಲ್ಯೂ ಅಂದ್ರೆ ಟೈಪ್‌ಗ್ಲಾಬ್. ಗ್ಲಾಬ್ ಒಳಗೆ ಸ್ಕೇಲರ್, ಅರೇ, ಹ್ಯಾಶ್, ಸಬ್‌ರೂಟೀನ್, ಫೈಲ್‌ಹ್ಯಾಂಡಲ್, ಫಾರ್ಮ್ಯಾಟ್ ಅಂತ ಬೇರೆ ಬೇರೆ ಖಾನೆಗಳು. $, @, % ಇವು ಯಾವ ಖಾನೆ ಬೇಕು ಅಂತ ಹೇಳುತ್ತವೆ. ‘ಮೈ’ ಹಾಕಿದ ವೇರಿಯೇಬಲ್‌ಗಳು ಮಾತ್ರ ಈ ಟೇಬಲ್‌ಗೆ ಬರೋದೇ ಇಲ್ಲ. ನಾವು ‘ಅವರ್’ ಹಾಕಿದ್ದೆವು.

* ಹಾಕಿ ಗ್ಲಾಬ್‌ಗೆ ಗ್ಲಾಬನ್ನೇ ಕೊಟ್ಟರೆ ಎಲ್ಲಾ ಖಾನೆಗಳೂ ಒಂದಾಗುತ್ತವೆ. ಪಟ್ಟಿಯ ಜೊತೆ $ತೂಕ, $ಚೀಲ ಕೂಡ ಒಂದೇ ಆಗಿಬಿಟ್ಟಿದ್ದವು. $ತೂಕಕ್ಕೆ 212 ಹಾಕಿದಾಗ $ಚೀಲದ ಐದು ಅಳಿಸಿಹೋಗಿತ್ತು. ನಮಗೆ ಬೇಕಿದ್ದದ್ದು ಪಟ್ಟಿಯ ಖಾನೆ ಮಾತ್ರ:

*ತೂಕ = \@ಚೀಲ;

ರೆಫರೆನ್ಸ್ ಕೊಟ್ಟರೆ ಅದೇ ಜಾತಿಯ ಖಾನೆಯಷ್ಟೇ ಬದಲಾಗುತ್ತೆ. ನಾವು ದಿನಾ ಬಳಸೋ ಎಕ್ಸ್‌ಪೋರ್ಟರ್ ಮಾಡೋದೂ ಇದನ್ನೇ: ಮಾಡ್ಯೂಲ್‌ನ ಸಬ್‌ರೂಟೀನ್ ರೆಫರೆನ್ಸನ್ನ ನಮ್ಮ ಪ್ಯಾಕೇಜಿನ ಗ್ಲಾಬ್‌ನಲ್ಲಿ ಇಡುತ್ತೆ.

ಇಂಗ್ಲಿಷಲ್ಲೇ ಓದಿದ ನಮಗೆ ಡೆಫಿನಿಷನ್ ಬಾಯಿಪಾಠವಿತ್ತು, ಅರ್ಥ ಮಾತ್ರ ಆವತ್ತು ಆಯಿತು. ಅಜ್ಜನಿಗೆ ವಿವರಿಸಿದೆವು. ಅವರು ನಕ್ಕು, “ನಮ್ಮ ಮಾಲತೇಶಗ ಮೈಲಾರಲಿಂಗ ಅಂತಾರ, ಮಹಾರಾಷ್ಟ್ರದಾಗ ಖಂಡೋಬಾ ಅಂತಾರ. ಹೆಸರ ಎಷ್ಟರ ಇರ್ಲಿ, ದೇವರು ಒಬ್ಬನ. ಆದ್ರ ಚೀಲ ಬ್ಯಾರೆ, ಕಿಲೋ ಬ್ಯಾರೆ” ಅಂದರು.

ಬೆಳಿಗ್ಗೆ ಲೆಕ್ಕ ಸರಿಯಾಗಿ ಬಂತು. ಅಜ್ಜ ಆದರೂ ತಮ್ಮ ಪುಸ್ತಕದಲ್ಲಿ ಪೆನ್ಸಿಲಿನಿಂದ ಇನ್ನೊಮ್ಮೆ ಕೂಡಿಸಿ, ಎರಡೂ ತಾಳೆ ಆದ ಮೇಲೆಯೇ ಚೀಲ ಗಾಡಿಗೆ ಹಾಕಿಸಿದರು.