ನೀರು ಒಡೆದ ಪಟ್ಟಿ

ನಲ್ಲಿಯ ಕೆಳಗೆ ಎರಡು ಅಲ್ಯೂಮಿನಿಯಂ ಪಟ್ಟಿ ಹಿಡಿದು ನಿಂತಿದ್ದಾಳೆ ವಿದ್ಯಾರ್ಥಿನಿ. ಬೆಂಗಳೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬು. ಪಕ್ಕಕ್ಕೆ ಬಂದು ಬಗ್ಗಿ ನೋಡಿ: ಒಂದರ ಮೇಲೆ ನೀರು ತೆಳ್ಳಗೆ, ಎಲ್ಲೂ ಕಡಿಯದೆ ಹರಡಿದೆ. ಇನ್ನೊಂದರ ಮೇಲೆ ಕೆಸುವಿನೆಲೆ ಮೇಲಿನ ಹಾಗೆ ಹನಿಹನಿಯಾಗಿ ಉರುಳುತ್ತಿದೆ.

"ಅದರಲ್ಲಿನ್ನೂ ಜಿಡ್ಡಿದೆ ಕಣಮ್ಮ. ಅಸಿಟೋನ್ ಹಾಕಿ ಒರೆಸು, ಮತ್ತೆ ಉಜ್ಜು," ಎನ್ನುತ್ತಾರೆ ಲ್ಯಾಬಿನ ಹಿರಿಯ ಇನ್‌ಸ್ಟ್ರಕ್ಟರು.

"ಒಂದು ಜೋಡಿ ಹೀಗೇ ಅಂಟಿಸಿ ನೋಡ್ಲಾ ಸರ್?"

"ನೋಡು. ಗುರುತು ಹಾಕಿಡು, ಮರೀಬೇಡ."

ಕಲಸಿದ ಎಪಾಕ್ಸಿ ಅಂಟಿಗೆ ಚಿಟಿಕೆಯಷ್ಟು ಗಾಜಿನ ಮಣಿ ಬೀಳುತ್ತದೆ. ಒಂದೊಂದೂ 0.2 ಮಿ.ಮೀ. ಅವು ನಡುವೆ ಕೂತರೆ ಅಂಟಿನ ಪದರ ಎಲ್ಲ ಕಡೆ ಅಷ್ಟೇ ದಪ್ಪ ನಿಲ್ಲುತ್ತದೆ. ಪಟ್ಟಿಯ ಅಗಲ 25.4 ಮಿ.ಮೀ., ಒಂದರ ಮೇಲೊಂದು ಕೂರುವುದು 12.7 ಮಿ.ಮೀ. ಅಂಚೆಚೀಟಿಗಿಂತ ಚಿಕ್ಕ ಜಾಗ. ಕ್ಲಿಪ್ಪು ಹಾಕಿ ಏಳು ದಿನ ಬಿಡುತ್ತಾರೆ.

ಎಂಟನೆಯ ದಿನ ಮತ್ತೆ ಬನ್ನಿ. ಕಂಪ್ಯೂಟರಿನಲ್ಲಿ ಅದೇ ಜೋಡಣೆಯ ಮಾಡೆಲ್ ಸಾವಿರಾರು ಚೌಕಗಳಾಗಿ ಹರಡಿಕೊಂಡಿದೆ. ಮಧ್ಯವೆಲ್ಲ ನೀಲಿ, ಎರಡೂ ತುದಿ ಕೆಂಪು. ಎಳೆತದ ಭಾರವನ್ನು ಅಂಟು ಸಮನಾಗಿ ಹಂಚಿಕೊಳ್ಳುವುದಿಲ್ಲ, ತುದಿಗಳೇ ಹೆಚ್ಚು ಹೊರುತ್ತವೆ. 1938ರಲ್ಲೇ ವೋಲ್ಕರ್ಸನ್ ಎಂಬ ಸಂಶೋಧಕ ಇದನ್ನು ಸಮೀಕರಣದಲ್ಲಿ ತೋರಿಸಿದ್ದ. ಎರಡು ಪಟ್ಟಿಗಳ ಎಳೆತ ಒಂದೇ ಗೆರೆಯಲ್ಲಿರದ ಕಾರಣ ಜೋಡಣೆ ಬಾಗುತ್ತದೆ, ತುದಿಯಲ್ಲಿ ಅಂಟು ಸಿಪ್ಪೆಯಂತೆ ಏಳಲು ನೋಡುತ್ತದೆ. ಅದನ್ನು ಲೆಕ್ಕಕ್ಕೆ ತಂದವರು ಗೋಲಂಡ್ ಮತ್ತು ರೈಸ್ನರ್ ಎಂಬ ಸಂಶೋಧಕರು, 1944ರಲ್ಲಿ.

ಈಗ ಎಳೆಯುವ ಯಂತ್ರ. ದವಡೆಗಳು ಮೊದಲು ಜಿಡ್ಡು ತೆಗೆದ ಜೋಡಿಯನ್ನು ಕಚ್ಚುತ್ತವೆ. ನಿಮಿಷಕ್ಕೆ 1.3 ಮಿ.ಮೀ. ವೇಗ. ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಕಣ್ಣನ್ನು ಅಂಚಿಗೆ ತಂದು ನೋಡಿ: ಲೋಹ ಕೂದಲೆಳೆಯಷ್ಟು ಬಾಗಿದೆ. ಮಾಡೆಲ್ ಹೇಳಿದ ಕಡೆಗೇ.

ಟಪ್!

ಬೆಚ್ಚಿಬೀಳುತ್ತೀರಿ. ಅವಳು ತುಂಡುಗಳನ್ನು ಬೆಳಕಿಗೆ ಹಿಡಿಯುತ್ತಾಳೆ. ಎರಡೂ ಮುಖದ ಮೇಲೆ ಅಂಟು ಉಳಿದಿದೆ. ಹರಿದದ್ದು ಅಂಟು, ಲೋಹದ ಹಿಡಿತ ಅದು ಬಿಟ್ಟಿಲ್ಲ. ಭಾರವೂ ಲೆಕ್ಕದ ಹತ್ತಿರವೇ ಬಂದಿದೆ.

ಜಿಡ್ಡು ಬಿಟ್ಟು ಗುರುತು ಹಾಕಿದ ಜೋಡಿ ಬಹಳ ಬೇಗ ಬಿಟ್ಟುಕೊಡುತ್ತದೆ. ಒಂದು ಮುಖದಲ್ಲಿ ಅಂಟು ಪೂರ್ತಿ, ಇನ್ನೊಂದು ಮುಖ ಬೋಳು, ಹೊಳೆಯುವ ಲೋಹ. ಪರದೆಯ ಮೇಲಿನ ಚಿತ್ರ ಮಾತ್ರ ಎರಡಕ್ಕೂ ಒಂದೇ! ಅಂಟು ಲೋಹವನ್ನು ಪೂರ್ತಿ ಹಿಡಿದಿದೆ ಎಂದು ನಾವೇ ಅದಕ್ಕೆ ಹೇಳಿಕೊಟ್ಟಿದ್ದೆವು, ಅದು ನಂಬಿತ್ತು. ಜಿಡ್ಡು ಗೊತ್ತಿದ್ದದ್ದು ನಲ್ಲಿ ನೀರಿಗೆ.

ಅಂಟು ಹಿಡಿತ ಬಿಡುವುದು ಲ್ಯಾಬಿನ ಸಣ್ಣ ಮಾತಲ್ಲ. 1988ರ ಏಪ್ರಿಲ್ 28ರಂದು ಹವಾಯಿಯ ಆಕಾಶದಲ್ಲಿ, 24,000 ಅಡಿ ಎತ್ತರದಲ್ಲಿ, ಅಲೋಹಾ ಏರ್‌ಲೈನ್ಸಿನ ಬೋಯಿಂಗ್ 737ರ ಮೇಲ್ಛಾವಣಿಯ ದೊಡ್ಡ ಭಾಗವೇ ಕಿತ್ತುಹೋಯಿತು. ತಗಡುಗಳ ನಡುವಿನ ಅಂಟು ಬಿಟ್ಟುಕೊಂಡಿತ್ತು. ಅದು ಹೊರಬೇಕಿದ್ದ ಭಾರ ರಿವೆಟ್ಟುಗಳಿಗೆ ಬಿತ್ತು, ರಿವೆಟ್ಟಿನ ತೂತುಗಳಿಂದ ಬಿರುಕು ಹೊರಟಿತ್ತು. 95 ಜನರಿದ್ದ ವಿಮಾನ ಹೇಗೋ ಇಳಿಯಿತು. ಒಬ್ಬ ಗಗನಸಖಿ ಮಾತ್ರ ಮರಳಲಿಲ್ಲ.

ವಿದ್ಯಾರ್ಥಿನಿ ವರದಿ ಬರೆಯುತ್ತಿದ್ದಾಳೆ. ಭಾರದ ಅಂಕಿಯ ಪಕ್ಕ ಇನ್ನೊಂದು ಕಾಲಂ: ಮುರಿದದ್ದು ಅಂಟಿನೊಳಗೋ, ಅಂಟು-ಲೋಹದ ನಡುವೆಯೋ, ಶೇಕಡಾ ಎಷ್ಟು? ನೀವೂ ಇಂಥ ಪರೀಕ್ಷೆ ಮಾಡುವವರಾದರೆ ಈ ಕಾಲಂ ಖಾಲಿ ಬಿಡಬೇಡಿ.