ಗೋಳಗುಮ್ಮಟಕ್ಕೆ ಹೋಗುವ ಮುನ್ನ

ಜತ್ತ ತಾಲೂಕಿನ ಪೂರ್ವದಂಚಿನಲ್ಲಿರುವ ನಮ್ಮ ಹಳ್ಳಿಗೆ ಜಿಲ್ಲಾಸ್ಥಳವಾದ ಸಾಂಗ್ಲಿಗಿಂತ ವಿಜಯಪುರವೇ ಹತ್ತಿರ. ಬೀಗರು, ಬಜಾರು, ದವಾಖಾನೆ ಎಲ್ಲವೂ ಅತ್ತಲೇ. 2014ರಲ್ಲಿ ಹೆಸರು ಬದಲಾದರೂ ನಮ್ಮ ಹಿರಿಯರ ಬಾಯಲ್ಲಿ ಅದು ಇನ್ನೂ ಬಿಜಾಪುರವೇ. ಇಷ್ಟು ಹತ್ತಿರವಿದ್ದೂ ಒಂಬತ್ತನೆಯ ಇಯತ್ತೆಯ ನಾವು 31 ಜನರಲ್ಲಿ ಗೋಳಗುಮ್ಮಟವನ್ನು ಹತ್ತಿ ನೋಡಿದವರು ಏಳೇ ಮಂದಿ. ಉಳಿದವರಿಗೆ ವಿಜಯಪುರವೆಂದರೆ ಬಸ್ ನಿಲ್ದಾಣ, ಡಾಕ್ಟರರ ಬಾಗಿಲು, ಮತ್ತೆ ಬಸ್ ನಿಲ್ದಾಣ.

ಈ ವರ್ಷದ ಪ್ರವಾಸ ಅಲ್ಲಿಗೇ ಎಂದು ನಿಶ್ಚಯವಾದಾಗ ಇತಿಹಾಸದ ಗುರುಗಳು, "ಒಂದ ದಿನದ ಪ್ರವಾಸ. ಏನ ನೋಡಬೇಕು, ಹ್ಯಾಂಗ ಹೋಗಬೇಕು, ಖರ್ಚ ಎಷ್ಟು, ಎಲ್ಲಾ ನೀವ ಬರೀರಿ. ನಾ ಸಹಿ ಅಷ್ಟ ಮಾಡ್ತೀನಿ" ಎಂದುಬಿಟ್ಟರು.

1490ರಿಂದ 1686ರವರೆಗೆ ಆದಿಲಶಾಹಿಗಳ ರಾಜಧಾನಿಯಾಗಿದ್ದ ಊರು; ನೋಡುವುದಕ್ಕೇನು ಕೊರತೆ? ನಮ್ಮ ಮೊದಲ ಯಾದಿಯಲ್ಲಿ 17 ಸ್ಥಳಗಳಿದ್ದವು. ಗುರುಗಳು ಕೆಂಪು ಶಾಯಿಯಿಂದ ಒಂದೊಂದರ ಮುಂದೆ ನಿಮಿಷ ಬರೆದು ಕೂಡಿಸಿದರು. ಊಟ ಬಿಟ್ಟು 14 ತಾಸು! "ರಾತ್ರಿ ದೀಪಾ ಹಚ್ಕೊಂಡು ನೋಡ್ತೀರೇನು?" ಎಂದು ನಕ್ಕು ಹೊರಟುಹೋದರು.

ಅಂದಿನಿಂದ ವರ್ಗದಲ್ಲಿ ಎರಡು ಪಕ್ಷಗಳಾದವು. ಎಲ್ಲವನ್ನೂ ಓಡುತ್ತ ನೋಡೋಣವೆನ್ನುವವರು ಒಂದು ಕಡೆ, ಆರನ್ನೇ ನಿಂತು ನೋಡೋಣವೆನ್ನುವವರು ಇನ್ನೊಂದು ಕಡೆ. ಗೋಳಗುಮ್ಮಟದ ಬಗ್ಗೆ ಮಾತ್ರ ಜಗಳವಿರಲಿಲ್ಲ. 1656ರಲ್ಲಿ ತೀರಿಕೊಂಡ ಮುಹಮ್ಮದ ಆದಿಲಶಾಹನ ಸಮಾಧಿ ಅದು. ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರು, ಒಳಗೆ ಒಂದೂ ಆಧಾರಕಂಬವಿಲ್ಲ. ಮೂಲೆಯ ಏಳಂತಸ್ತಿನ ಗೋಪುರದ ಮೆಟ್ಟಿಲೇರಿ ಮೇಲಿನ ಪಡಸಾಲೆಯಲ್ಲಿ ಪಿಸುಗುಟ್ಟಿದರೆ ಎದುರು ಬದಿಯವರಿಗೆ ಕೇಳಿಸುತ್ತದಂತೆ. ಆದರೆ ಹೊತ್ತೇರಿದ ಮೇಲೆ ಹೋದರೆ ಪಿಸುಮಾತೆಲ್ಲಿ, ಬರೀ ಕೂಗಾಟವೇ ಎಂದು ನೋಡಿಬಂದ ಏಳು ಮಂದಿ ಎಚ್ಚರಿಸಿದರು. ಹೀಗಾಗಿ ನಸುಕಿನಲ್ಲೇ ಹೊರಡಬೇಕೆಂಬುದು ಮೊದಲ ಠರಾವು. ಮುಂಭಾಗದ ಸಂಗ್ರಹಾಲಯಕ್ಕೆ ಶುಕ್ರವಾರ ರಜೆಯಾದ್ದರಿಂದ ಶನಿವಾರವೇ ಆಗಬೇಕೆಂಬುದು ಎರಡನೆಯದು.

ನಕಾಶೆ ಬಿಡಿಸಿದಾಗ ಅರ್ಧ ಜಗಳ ತಾನಾಗಿ ಹರಿಯಿತು. ಗೋಳಗುಮ್ಮಟ ಊರಿನ ಮೂಡಣ ತುದಿಗೆ, ಇಬ್ರಾಹಿಂ ರೋಜಾ ಪಡುವಣಕ್ಕೆ, ಕೋಟೆಗೋಡೆಯ ಹೊರಗೆ. ನಡುವಿನ ದಾರಿಯಲ್ಲಿ ಜುಮ್ಮಾ ಮಸೀದಿ, ಎರಡನೆಯ ಅಲಿ ಆದಿಲಶಾಹನಿಗೆ ಮುಗಿಸಲಾಗದೆ ಉಳಿದ ಬಾರಾಕಮಾನು, 1584ರ ಉಪ್ಪಲಿ ಬುರುಜು, ಪಡುವಣ ಗೋಡೆಯ ಮೇಲೆ ಮಲಿಕ್-ಎ-ಮೈದಾನ ತೋಪು. ಬೆನ್ನಿಗೆ ಬಿಸಿಲಿಟ್ಟುಕೊಂಡು ಹೊರಟರೆ ಒಂದೇ ಗೆರೆ!

ತೋಪಿನ ಕಥೆ ಓದಿದ ಮೇಲಂತೂ ಅದನ್ನು ಬಿಡಲು ಯಾರೂ ಒಪ್ಪಲಿಲ್ಲ. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದ ಸುಮಾರು 55 ಟನ್ನಿನ ತೋಪು. ಪರಾಂಡಾ ಕೋಟೆಯಲ್ಲಿದ್ದುದನ್ನು 1632ರಲ್ಲಿ ಬಿಜಾಪುರಕ್ಕೆ ಎಳೆತಂದರು. 1854ರಲ್ಲಿ ಇಂಗ್ರಜಿ ಅಧಿಕಾರಿಗಳು ಅದನ್ನು ಬೇಡಾದ ಸಾಮಾನೆಂದು ಲಿಲಾವಿಗಿಟ್ಟರೆ ಬಂದ ಸವಾಲು 150 ರೂಪಾಯಿ! ಪುಣ್ಯಕ್ಕೆ ಆ ವ್ಯವಹಾರ ರದ್ದಾಯಿತು. ನಮ್ಮ ನೆರೆಯ ಸೋಲಾಪುರದ ಕೋಟೆಯೂ, ಅಹ್ಮದನಗರದ ಚಾಂದಬೀಬಿ ಬಿಜಾಪುರದ ಸೊಸೆಯಾಗಿ ಬಂದಾಗ ಬಳುವಳಿಯಾಗಿ ಬಂದದ್ದು. ಆ ಕಾಲದಲ್ಲಿ ನಮ್ಮ ಸೀಮೆಯ ಕೋಟೆ ತೋಪುಗಳೂ ಬಹಳ ತಿರುಗಾಡಿವೆ. ನಾವೇ ಮನೆಯಲ್ಲಿ ಕುಳಿತವರು.

ಖರ್ಚಿನ ಲೆಕ್ಕದಲ್ಲಿ ಮತ್ತೊಂದು ಗದ್ದಲ. ಪುರಾತತ್ತ್ವ ಇಲಾಖೆಯವರು 15 ವರ್ಷದೊಳಗಿನವರಿಗೆ ಟಿಕೇಟು ಕೇಳುವುದಿಲ್ಲ. ದಾಖಲೆ ತೆಗೆದರೆ ನಮ್ಮಲ್ಲಿ ಒಂಬತ್ತು ಜನ ಜೂನ್ 1ರಂದೇ ಹುಟ್ಟಿದ್ದೇವೆ! ಶಾಲೆಗೆ ಹೆಸರು ಹಚ್ಚುವಾಗ ಅಂದಿನ ಮಾಸ್ತರರು ಕೊಟ್ಟ ಜನ್ಮದಿನವದು. ಅವರು ಒಂದು ವರ್ಷ ತಡೆದು ಬರೆದಿದ್ದರೆ ಟಿಕೇಟಾದರೂ ಉಳಿಯುತ್ತಿತ್ತು ಎಂದು ಕೆಲವರು ಹಳಹಳಿಸಿದರು.

ಪಾಲಕರ ಸಮ್ಮತಿಪತ್ರಗಳು 30 ಬಂದವು. ಬಾರದ ಒಂದು ನಮ್ಮ ಗೆಳತಿಯದು. ಕೇಳಿದರೆ, "ನಾ ನೋಡೀನಿ, ನೀವ ಹೋಗಿ ಬರ್ರಿ" ಎಂದಳು. ಅವಳ ತಾಯಿತಂದೆ ದೀಪಾವಳಿಯ ಹೊತ್ತಿಗೆ ಬಾಗಲಕೋಟೆ ಕಡೆ ಕಬ್ಬು ಕಡಿಯಲು ಹೋದವರು. ಮನೆಯಲ್ಲಿ ಅಜ್ಜಿ ಮತ್ತು ಆಕೆ ಇಬ್ಬರೇ. ಹಿಂದೊಮ್ಮೆ ಅವರ ಜೊತೆ ಹೋಗುವಾಗ ಟ್ರ್ಯಾಕ್ಟರಿನ ಮೇಲಿಂದ ಗುಮ್ಮಟ ಕಂಡಿತ್ತಂತೆ, ಬೋರಲು ಹಾಕಿದ ಗಡಿಗೆಯಂತೆ. ಅದೇ ಆಕೆ ನೋಡಿದ್ದು.

ಹಣದ ಅಡಚಣಿಯೆಂದು ನಾವೇ ತಿಳಿದುಕೊಂಡೆವು. ಹೋಟೆಲಿನ ಊಟ ಹೊಡೆದುಹಾಕಿ ರೊಟ್ಟಿ ಬುತ್ತಿ ಎಂದು ಬರೆದೆವು. ಖಾಸಗಿ ಬಸ್ಸು ಬಿಟ್ಟು ಎಸ್.ಟಿ. ಎಂದೆವು, 400 ಇದ್ದ ವಂತಿಗೆ 220ಕ್ಕಿಳಿಯಿತು. ಬಹಳ ದೊಡ್ಡ ಕೆಲಸ ಮಾಡಿದವರಂತೆ ಯಾದಿ ಹಿಡಿದು ಅವಳ ಮನೆಗೆ ಹೋದರೆ ಅಜ್ಜಿ, "ರೊಕ್ಕ ಆಕಿ ಅಪ್ಪ ಕೊಟ್ಟ ಹೋಗ್ಯಾನ. ಎಮ್ಮಿ ಹಿಂಡವರ ಯಾರು? ನನಗ ಕೈ ನಡಗತಾವ. ಆಕೀನ ಬಿಟ್ಟ ಯಾರನ್ನೂ ಹಂತೇಕ ಬರಗೊಡೂದಿಲ್ಲ ಅದು" ಎಂದಳು.

ಎಮ್ಮೆಯ ವಿಷಯ ನಮ್ಮ ಯಾವ ಯಾದಿಯಲ್ಲೂ ಇರಲಿಲ್ಲ. ಬೆಳಗಿನ ಹಾಲನ್ನು ಆಕೆಯೇ ಹಿಂಡಿ ಹೊರಡಬಹುದು, ಸಂಜೆಯದೇ ಪ್ರಶ್ನೆ. ಕೊನೆಗೆ ನಮ್ಮಲ್ಲೊಬ್ಬನ ತಾಯಿ ತಾನು ಹಿಂಡುವೆನೆಂದು ಮುಂದೆ ಬಂದರು. ಮೊದಲ ಸಂಜೆ ಒದೆತಕ್ಕೆ ಚರಿಗೆ ಉರುಳಿತು. ಮರುದಿನದಿಂದ ಅವರು ಗೆಳತಿಯ ಓಢಣಿಯನ್ನು ತಲೆಗೆ ಹೊದ್ದು ಅವಳ ಪಕ್ಕದಲ್ಲೇ ಕೂಡತೊಡಗಿದರು. ನಾವು ಗೋಡೆಯಾಚೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆವು. ಪರೀಕ್ಷೆಯ ಫಲಿತಾಂಶಕ್ಕೂ ಹಾಗೆ ನಿಂತಿಲ್ಲ. ಆರನೆಯ ಸಂಜೆ ಗೆಳತಿ ಮೆಲ್ಲಗೆ ಎದ್ದು ಈಚೆ ಬಂದಳು. ಎಮ್ಮೆ ಒಮ್ಮೆ ತಿರುಗಿ ನೋಡಿ ಮೇವಿಗೆ ಬಾಯಿ ಹಾಕಿತು. ಚರಿಗೆಯಲ್ಲಿ ಹಾಲು ಬೀಳುವ ಸದ್ದು ನಮಗೂ ಕೇಳಿಸಿತು.

ಈ ಲೇಖನ ಕೊಡುವಾಗ ಶನಿವಾರಕ್ಕೆ ಇನ್ನೂ ನಾಲ್ಕು ದಿನಗಳಿವೆ. ಗುರುಗಳು ಸಹಿ ಮಾಡಿದ್ದಾರೆ. ಯಾದಿಯಲ್ಲಿ ಸ್ಥಳಗಳು ಆರು, ಹೆಸರುಗಳು 31. ಎಲ್ಲರಿಗೂ ಶೇಂಗಾ ಚಟ್ನಿ ಅಜ್ಜಿಯದು. ಓಢಣಿಯನ್ನು ಮಾತ್ರ ಶುಕ್ರವಾರ ರಾತ್ರಿಯೇ ಮರೆಯದೆ ಕೊಟ್ಟು ಬರಬೇಕು.