ಮಾರುವ ಮನೆಯ ಹುಳುವಿನ ಕೋಣೆ

ಉಮಾಸ್ವಾಮಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಕೊನೆಯದು ಪ್ರತಿರೂಪಕ ವ್ಯವಹಾರ. ಕೃತ್ರಿಮ ಚಿನ್ನ ಮೊದಲಾದವುಗಳಿಂದ ವಂಚಿಸಿ ನಡೆಸುವ ವ್ಯವಹಾರವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ವಿವರಿಸುತ್ತಾರೆ. ಕೋಣೆಯೊಂದನ್ನು ಅಲಂಕರಿಸಿ ತೋರಿಸುವುದು ಈ ಸಾಲಿಗೆ ಸೇರುವುದೇ ಎಂಬ ಪ್ರಶ್ನೆ ಕುಂತೂರಿನ ನಿವೃತ್ತ ಮೇಷ್ಟ್ರೊಬ್ಬರ ಮನೆಯ ಮಾರಾಟದಲ್ಲಿ ಎದ್ದಿತು. ಅವರಾಗಲಿ ಅವರ ತಂಗಿಯಾಗಲಿ ಸೂತ್ರಗ್ರಂಥವನ್ನು ಓದಿದವರಲ್ಲ.

ಆ ಮನೆಯಲ್ಲಿ ಪಡಸಾಲೆಯ ಆಚೆಗೆ ಒಂದು ಹೆಚ್ಚುವರಿ ಕೋಣೆಯಿತ್ತು. ಕೊಳ್ಳೇಗಾಲ ಸೀಮೆಯ ಅನೇಕ ಮನೆಗಳಂತೆ ಇಲ್ಲಿಯೂ ಅದು ರೇಷ್ಮೆಹುಳುವಿನ ಕೋಣೆ. ಹುಳು ನಾಲ್ಕು ಜ್ವರ ದಾಟಿ, ಹಣ್ಣಾಗಿ, ಚಂದ್ರಿಕೆಯೇರಿ ಗೂಡು ಕಟ್ಟುವವರೆಗೆ ಸುಮಾರು ಒಂದು ತಿಂಗಳು ಮನೆಮಂದಿ ತಮ್ಮ ನಿದ್ದೆಯನ್ನೇ ಅದಕ್ಕೆ ಬಿಟ್ಟುಕೊಡುತ್ತಿದ್ದ ಕೋಣೆ. ತಂದೆ ತೀರಿದ ಮೇಲೆ ಸಾಕಾಣಿಕೆ ನಿಂತಿತು. ಉಳಿದದ್ದು ಗೋಡೆಗೊರಗಿದ ಬಿದಿರಿನ ಚಂದ್ರಿಕೆಗಳು, ಊಜಿ ನೊಣ ತಡೆಯಲು ಕಿಟಕಿಗೆ ಹೊಡೆದ ಜಾಲರಿ, ಒಂದು ಕಬ್ಬಿಣದ ಪೆಟ್ಟಿಗೆ. (ಜೀವವಿರುವ ಗೂಡನ್ನು ಬಿಸಿಯಲ್ಲಿ ಕೊಂದು ನೂಲು ತೆಗೆಯುವ ಈ ಕಸುಬನ್ನು ಅಹಿಂಸಾಣುವ್ರತದ ಎದುರು ಇಡಬಹುದು, ಅದು ಬೇರೆಯೇ ಲೇಖನದ ವಿಷಯ.)

ದಲ್ಲಾಳಿಯ ಸಲಹೆ ಸರಳವಾಗಿತ್ತು: "ಖಾಲಿ ಬುಟ್ರೆ ಕೋಣೆ ಕಿರಿದಾಗಿ ಕಾಣ್ತದೆ ಮೇಷ್ಟ್ರೆ. ಒಂದು ಮಂಚ, ಒಂದು ಮೇಜು ಹಾಕ್ಸಿ, ಮಕ್ಕಳು ಓದೋ ಕೋಣೆ ಅನ್ಸಲಿ. ಆ ಮೂಲೆಗೆ ಬೀರು ನಿಲ್ಲಿಸಿ."

ಮೊದಲ ಮಾತಿನಲ್ಲಿ ಹುರುಳಿದೆ. ಬರಿಯ ನೆಲಕ್ಕೆ ಕಣ್ಣು ಅಳತೆ ಹಿಡಿಯಲಾರದು. ಮಂಚವಿದ್ದರೆ ಉಳಿದ ಜಾಗ ತಾನಾಗಿ ತಿಳಿಯುತ್ತದೆ. ಆದರೆ ಆ ಮೂಲೆಯಲ್ಲಿ ಗೋಡೆ ಮಳೆಗಾಲಕ್ಕೆ ತೇವ ಕುಡಿಯುತ್ತಿತ್ತು. ಬೀರು ಬೇಕಾದದ್ದು ಅದನ್ನು ಮುಚ್ಚಲು.

"ಮಂಚ ಹಾಕ್ಸಣ್ಣ, ಬೀರು ಬ್ಯಾಡ" ಎಂದರು ತಂಗಿ. "ಆ ಮೂಲೇಲಿ ತಟ್ಟೆ ಇಟ್ಟು ಒಂದು ಬೆಳೆ ಪೂರಾ ಕಳ್ಕೊಂಡಿದ್ದು ಅಪ್ಪ. ಕೊಳ್ಳೋರು ಅಲ್ಲಿ ಮಗು ಮಲಗಿಸ್ತಾರೆ."

ಅಣ್ಣನಿಗೆ ಹಣದ ತುರ್ತಿತ್ತು. ಎರಡು ದಿನ ಇಬ್ಬರ ನಡುವೆ ಮಾತಿರಲಿಲ್ಲ. ಪೂಜ್ಯಪಾದರ ವಿವರಣೆಯಲ್ಲಿ ತೂಕವಿರುವುದು ವಂಚನೆಯೆಂಬ ಪದಕ್ಕೆ. ಮಂಚವು ಕೋಣೆಯಲ್ಲಿರುವುದನ್ನೇ ಕಾಣಿಸುತ್ತದೆ, ಬೀರು ಇರುವುದನ್ನು ಮರೆಸುತ್ತದೆ. ತಂಗಿ ಗೆರೆ ಎಳೆದದ್ದು ಸರಿಯಾದ ಜಾಗದಲ್ಲಿಯೇ.

ಕೋಣೆ ತೆರವು ಮಾಡುವಾಗ ಪೆಟ್ಟಿಗೆ ಗುಜರಿಗೆ ಹೋಗುವುದರಲ್ಲಿತ್ತು. ಮುಚ್ಚಳ ತೆಗೆದರೆ ಅಜ್ಜನ ಕಾಲದ ಕ್ರಯಪತ್ರ, ಮದರಾಸು ಸರ್ಕಾರದ ಛಾಪಾಕಾಗದದ ಮೇಲೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹಳೆಯ ಮನೆಗಳನ್ನು ಮಾರಾಟಕ್ಕೆ ಸಜ್ಜುಗೊಳಿಸುವಾಗ ಅಟ್ಟದ ಓಲೆಗರಿ, ಕಡತಗಳು ಹೀಗೆಯೇ ಕಸದ ಪಾಲಾಗುತ್ತವೆ. ಸಂಶೋಧಕರು ತಲುಪುವ ಹೊತ್ತಿಗೆ ಗೋಡೆಗೆ ಹೊಸ ಬಣ್ಣ ಬಂದಿರುತ್ತದೆ.

ಕೊಳ್ಳುವವರು ಬಂದಾಗ ಕೋಣೆಯಲ್ಲಿ ಮಂಚವಿತ್ತು, ಮೂಲೆ ಬರಿದಾಗಿತ್ತು. ತೇವದ ಕಲೆಯನ್ನು ಮುಟ್ಟಿ ನೋಡಿ ಬೆಲೆ ಇಳಿಸಿ ಕೇಳಿದರು. ಮೇಷ್ಟ್ರು ತಂಗಿಯ ಮುಖ ನೋಡಿ ಒಪ್ಪಿಕೊಂಡರು. ಕಿಟಕಿಯ ಜಾಲರಿ ಮಾತ್ರ ಹಾಗೆಯೇ ಇರಲಿ, ಸೊಳ್ಳೆ ಬರುವುದಿಲ್ಲ ಎಂದು ಹೊಸಬರು ಕೇಳಿಕೊಂಡರು.